ಸಣ್ಣ ಆರ್‌ಸಿ ಟ್ರಕ್‌ನ ಸರ್ವೋ ಬಾಳಿಕೆ ಬರಬೇಕಾ? ಹೊಸದು ಕೊಳ್ಳುವ ಮುಂಚೆ ಇಷ್ಟು ಮಾಡಿ

ಟ್ರಕ್ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಲೈಟೂ ಉರಿಯುತ್ತದೆ. ತಿರುಗುವುದೊಂದು ಬಿಟ್ಟು. 1/24 ಅಳತೆಯ ಆಕ್ಸಿಯಲ್ ಎಸ್‌ಸಿಎಕ್ಸ್24 ಇರಲಿ, 1/18ರ ಟ್ರಾಕ್ಸಸ್ ಟಿಆರ್‌ಎಕ್ಸ್-4ಎಂ ಇರಲಿ, 1/16ರ ಡಬ್ಲ್ಯುಪಿಎಲ್ ಟ್ರಕ್ ಇರಲಿ, ಈ ಗಾತ್ರದ ಗಾಡಿ ಓಡಿಸುವವರಿಗೆ ಒಂದಲ್ಲ ಒಂದು ದಿನ ಸ್ಟೀರಿಂಗ್ ಸರ್ವೋ (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟರ್ ಡಬ್ಬಿ) ಕೈಕೊಡುತ್ತದೆ. ಆಗ ಸಿಗುವ ಸಲಹೆ ಒಂದೇ: ಮೆಟಲ್ ಗೇರ್ ಸರ್ವೋ ಹಾಕಿಬಿಡಿ.

ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಸರ್ವೋ ಮೇಲೆ ಬೀಳುವ ಹೊರೆ ಹಾಗೇ ಇದ್ದರೆ, ಮುಂಚೆ ಪ್ಲಾಸ್ಟಿಕ್ ಹಲ್ಲು ಮುರಿಯುತ್ತಿತ್ತು, ಈಗ ಮೋಟರ್ ಸುಟ್ಟುಹೋಗುತ್ತದೆ. ಹಲ್ಲು ಮುರಿದರೆ ಗೇರ್ ಸೆಟ್ ಹಾಕಬಹುದು. ಮೋಟರ್ ಸುಟ್ಟರೆ ಪೂರ್ತಿ ಸರ್ವೋನೇ ಬದಲಾಯಿಸಬೇಕು. ಅದಕ್ಕೇ ಇಲ್ಲಿ ಕೊಳ್ಳುವ ಮಾತು ಕೊನೆಗೆ ಬರುತ್ತದೆ. ಮೊದಲು ಹೊರೆ ಇಳಿಸೋಣ.

ಒಳಗೆ ಏನು ನಡೆಯುತ್ತದೆ

ಸರ್ವೋ ಡಬ್ಬಿಯೊಳಗೆ ಒಂದು ಚಿಕ್ಕ ಡಿಸಿ ಮೋಟರ್, ಅದರ ವೇಗ ಇಳಿಸಿ ಬಲ ಹೆಚ್ಚಿಸುವ ನಾಲ್ಕೈದು ಗೇರ್, ಶಾಫ್ಟ್ ಎಷ್ಟು ತಿರುಗಿದೆ ಎಂದು ತಿಳಿಸುವ ಪೊಟೆನ್ಶಿಯೋಮೀಟರ್, ಜೊತೆಗೆ ಒಂದು ಪುಟ್ಟ ಬೋರ್ಡ್ ಇರುತ್ತವೆ. ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್‌ನಿಂದ ಸಾಮಾನ್ಯವಾಗಿ ಸೆಕೆಂಡಿಗೆ 50 ಪಲ್ಸ್ ಬರುತ್ತವೆ. ಪಲ್ಸ್ 1500 ಮೈಕ್ರೋಸೆಕೆಂಡ್ ಇದ್ದರೆ ಚಕ್ರ ನೇರ. 1000ದ ಕಡೆ ಇಳಿದರೆ ಒಂದು ಬದಿಗೆ, 2000ದ ಕಡೆ ಏರಿದರೆ ಇನ್ನೊಂದು ಬದಿಗೆ. ಶಾಫ್ಟ್ ಹೇಳಿದ ಜಾಗಕ್ಕೆ ಬಂದು ತಲುಪುವವರೆಗೂ ಬೋರ್ಡ್ ಮೋಟರ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ.

ತೊಂದರೆ ಹುಟ್ಟುವುದು ಇಲ್ಲೇ. ಚಕ್ರ ಆಕ್ಸಲ್‌ಗೆ ತಾಗಿ ನಿಂತಿದೆ, ಇನ್ನು ತಿರುಗಲು ಜಾಗವೇ ಇಲ್ಲ. ರಿಮೋಟ್ ಮಾತ್ರ 'ಇನ್ನೂ ಐದು ಡಿಗ್ರಿ ತಿರುಗು' ಅನ್ನುತ್ತಿದೆ. ಸರ್ವೋ ತಳ್ಳುತ್ತಲೇ ಇರುತ್ತದೆ. ನಿಂತ ಮೋಟರ್‌ಗೆ ಹೋದ ಕರೆಂಟೆಲ್ಲ ಬಿಸಿಯಾಗಿಯೇ ಮುಗಿಯುತ್ತದೆ. ಎಸ್‌ಜಿ90 ಥರದ 9 ಗ್ರಾಂ ಸರ್ವೋ 5 ವೋಲ್ಟ್‌ನಲ್ಲಿ ಹೀಗೆ ಸಿಕ್ಕಿಕೊಂಡಾಗ ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಅಂದರೆ ಬೆರಳ ತುದಿಯಷ್ಟಿರುವ ಮೋಟರ್‌ನೊಳಗೆ ಮೂರೂವರೆ ವ್ಯಾಟ್ ಶಾಖ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಶಾಖ ಎಲ್ಲಿಗೂ ಹೋಗುವುದಿಲ್ಲ. ಬಂಡೆಗೆ ಗುದ್ದಿ ಹಾಳಾಗುವ ಸರ್ವೋಗಳೂ ಇವೆ. ಆದರೆ ಹೀಗೆ ಸುಮ್ನೆ ನಿಂತಲ್ಲೇ ಬೆಂದುಹೋಗುವವು ಅದಕ್ಕಿಂತ ಜಾಸ್ತಿ ಅನ್ನುವುದು ನನ್ನ ಲೆಕ್ಕ.

1. ಸದ್ದಿನಿಂದ ಕಾಯಿಲೆ ಗುರುತಿಸಿ

ಗಾಡಿಯನ್ನು ಒಂದು ಡಬ್ಬದ ಮೇಲೆ ಕೂರಿಸಿ. ನಾಲ್ಕೂ ಚಕ್ರ ಗಾಳಿಯಲ್ಲಿರಲಿ. ಆನ್ ಮಾಡಿ, ಸ್ಟೀರಿಂಗನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸುತ್ತಾ ಕಿವಿಗೊಟ್ಟು ಕೇಳಿ.

ಕೊನೆಗೆ ಹೋದಾಗ 'ಜೀಂ' ಅಂತ ನಿಲ್ಲದ ಸದ್ದು ಬಂದರೆ ಮೇಲೆ ಹೇಳಿದ ತಳ್ಳಾಟವೇ. ಸರ್ವೋ ಇನ್ನೂ ಚೆನ್ನಾಗಿದೆ, ಆದರೆ ಅದರ ಆಯಸ್ಸು ಕರಗುತ್ತಿದೆ. 'ಕಟ ಕಟ' ಅಂದು ಚಕ್ರ ಒಂದು ಜಾಗದಲ್ಲಿ ಜಾರಿದರೆ ಗೇರ್ ಹಲ್ಲು ಹೋಗಿದೆ. ಮೋಟರ್ ಓಡುವ ಸದ್ದು ಸಲೀಸಾಗಿ ಕೇಳಿಸುತ್ತಿದ್ದು ಹಾರ್ನ್ (ಶಾಫ್ಟ್ ಮೇಲೆ ಕೂರುವ ಪುಟ್ಟ ತೋಳು) ಅಲ್ಲಾಡದಿದ್ದರೂ ಅದೇ ಅರ್ಥ. ಹಾರ್ನ್ ತಿರುಗುತ್ತಿದೆ, ಚಕ್ರ ಮಾತ್ರ ತಿರುಗುತ್ತಿಲ್ಲ ಅಂದರೆ ಸರ್ವೋವನ್ನು ಬಯ್ಯಬೇಡಿ, ಹಾರ್ನನ್ನು ಚಕ್ರದ ಕಡೆಗೆ ಜೋಡಿಸುವ ಕಡ್ಡಿ, ಅಂದರೆ ಲಿಂಕ್, ಕಳಚಿದೆಯಾ ನೋಡಿ.

ಚಕ್ರ ನೇರವಿದ್ದಾಗ ಸಣ್ಣಗೆ ನಡುಗುತ್ತಿದ್ದರೆ ಪೊಟೆನ್ಶಿಯೋಮೀಟರ್ ಸವೆದಿರಬಹುದು. ಗಾಡಿ ಹೆಚ್ಚು ಹೊತ್ತು ಓಡುವುದು ನೇರಕ್ಕೇ ಅಲ್ವಾ, ಹಾಗಾಗಿ ಅದರೊಳಗಿನ ಪಟ್ಟಿ ನಡುಭಾಗದಲ್ಲೇ ಮೊದಲು ಸವೆಯುತ್ತದೆ. ವೋಲ್ಟೇಜ್ ಸಾಲದಿದ್ದರೂ ಹೀಗೇ ನಡುಗುತ್ತದೆ, ಅದಕ್ಕೆ ಚಾರ್ಜ್ ಆದ ಬ್ಯಾಟರಿ ಹಾಕಿಯೇ ಪರೀಕ್ಷಿಸಿ. ಆನ್ ಮಾಡಿದ ಕೂಡಲೇ ಒಂದು ತುದಿಗೆ ಓಡಿ ಅಲ್ಲೇ ನಿಂತರೆ ಪೊಟೆನ್ಶಿಯೋಮೀಟರ್‌ನ ತಂತಿ ಬಿಟ್ಟಿರುವ ಸಾಧ್ಯತೆ ಹೆಚ್ಚು.

ಯಾವ ಸದ್ದೂ ಇಲ್ಲ, ಅಲುಗಾಟವೂ ಇಲ್ಲ ಅಂದರೆ ಮೊದಲು ತಂತಿ ನೋಡಿ. ಮುಂದಿನ ಆಕ್ಸಲ್ ಮೇಲೆಯೇ ಸರ್ವೋ ಕೂತಿರುವ ಗಾಡಿಗಳಲ್ಲಿ ಸಸ್ಪೆನ್ಶನ್ ಆಡಿದಷ್ಟು ಸಲವೂ ತಂತಿ ಬಾಗುತ್ತದೆ. ಡಬ್ಬಿಯಿಂದ ಹೊರಬರುವ ಕಡೆಯೇ ಅದು ಒಳಗೊಳಗೇ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಕೋಟು ಮಾತ್ರ ಸರಿಯಿದ್ದಂತೆ ಕಾಣುತ್ತದೆ. ಆ ಜಾಗವನ್ನು ಬೆರಳಲ್ಲಿ ಸ್ವಲ್ಪ ಆಡಿಸಿದಾಗ ಸರ್ವೋಗೆ ಜೀವ ಬಂದರೆ ಉತ್ತರ ಸಿಕ್ಕಿತು. ಹೊಸದು ಹಾಕುವಾಗ ಅಲ್ಲಿ ತಂತಿಗೆ ಒಂದು ಸಡಿಲ ಸುತ್ತು ಬಿಟ್ಟು, ಅದರಾಚೆ ಜಿಪ್ ಟೈ ಹಾಕಿ.

2. ಹಾರ್ನ್ ಬಿಚ್ಚಿ, ಚಕ್ರ ಸಲೀಸಾಗಿ ಆಡುತ್ತದೆಯಾ ನೋಡಿ

ಪವರ್ ಆಫ್ ಮಾಡಿ ಹಾರ್ನ್‌ನ ನಡುವಿನ ಸ್ಕ್ರೂ ತೆಗೆದು ಹಾರ್ನ್ ಎತ್ತಿ. ಈಗ ಒಂದು ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಎರಡೂ ಚಕ್ರ ಕೊನೆಯವರೆಗೂ ಎಲ್ಲೂ ತಡೆಯದೆ ಹೋಗಬೇಕು. ಎಲ್ಲಾದರೂ ಬಿಗಿಯಾದರೆ ಆ ಬಿಗಿಯನ್ನೆಲ್ಲ ಇಲ್ಲಿಯವರೆಗೆ ಸರ್ವೋ ಒಬ್ಬನೇ ಹೊತ್ತಿದ್ದಾನೆ ಎಂದರ್ಥ.

ಸಾಮಾನ್ಯವಾಗಿ ಸಿಗುವ ಕಾರಣ ನಕಲ್‌ನ (ಚಕ್ರ ಹಿಡಿದು ಆಕ್ಸಲ್ ತುದಿಯಲ್ಲಿ ತಿರುಗುವ ತುಂಡು) ಸ್ಕ್ರೂ. ಅದನ್ನು ಜಾಸ್ತಿ ಬಿಗಿ ಮಾಡಿದರೆ ನಕಲ್ ತಿರುಗುವುದೇ ಕಷ್ಟ. ಕಾಲು ಸುತ್ತು ಸಡಿಲಿಸಿ ನೋಡಿ. ಎರಡೂ ಚಕ್ರ ಜೋಡಿಸುವ ಟೈ ರಾಡ್, ಆಕ್ಸಲ್ ಮೇಲಿನ ಡಿಫರೆನ್ಶಿಯಲ್ ಕವರ್‌ಗೆ ಉಜ್ಜುತ್ತಿರಬಹುದು. ರಾಡಿನ ತುದಿಯ ಬಾಲ್ ಜಾಯಿಂಟ್ ಹೊಸದಾಗಿದ್ದಾಗ ಬಿಗಿಯಿರುತ್ತದೆ. ಇಕ್ಕಳದಲ್ಲಿ ಅದನ್ನು ಮೆಲ್ಲಗೆ ಒತ್ತಿದರೆ ಸಡಿಲವಾಗುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಇನ್ನೊಂದಿದೆ. ಚಕ್ರ ಪೂರ್ತಿ ತಿರುಗಿದಾಗ ಆಕ್ಸಲ್‌ನ ಒಳಗಿನ ಜಾಯಿಂಟ್ ತನ್ನ ಮಿತಿ ಮೀರಿ ಬಾಗಿ ಸಿಕ್ಕಿಕೊಳ್ಳುತ್ತದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿಟ್ಟು, ಅದನ್ನೇ ಮುಂದಕ್ಕೆ ಉರುಳಿಸಿ ನೋಡಿ. ಕುಕ್ಕಿದ ಹಾಗೆ ಆದರೆ ಅಷ್ಟು ಕೋನ ಆ ಗಾಡಿಗೆ ಆಗುವುದಿಲ್ಲ. 4ನೇ ಹೆಜ್ಜೆಯಲ್ಲಿ ಅದನ್ನು ಕಡಿಮೆ ಮಾಡಿ.

ಹಾರ್ನ್ ಹಾಕಿರುವಾಗ ಮಾತ್ರ ಚಕ್ರವನ್ನು ಕೈಯಿಂದ ತಿರುಗಿಸಬೇಡಿ. ಗೇರ್‌ಗಳ ಸಾಲನ್ನು ಹಿಂದಿನಿಂದ ತಳ್ಳಿದಂತೆ ಆಗುತ್ತದೆ, ಪ್ಲಾಸ್ಟಿಕ್ ಹಲ್ಲು ತಡೆಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಾಡಿ ಓಡದ ದಿನವೂ ಗೇರ್ ಯಾಕೆ ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ಇದೇ.

3. ನಡು ಹೊಂದಿಸಿ

ಹಾರ್ನ್ ಇನ್ನೂ ಹೊರಗೇ ಇರಲಿ. ರಿಮೋಟ್‌ನಲ್ಲಿ ಸ್ಟೀರಿಂಗ್ ಟ್ರಿಮ್ (ನಡುವನ್ನು ಚೂರು ಆಚೀಚೆ ಸರಿಸುವ ಹೊಂದಾಣಿಕೆ) ಸೊನ್ನೆಗೆ ತನ್ನಿ. ಗಾಡಿ ಆನ್ ಮಾಡಿ. ಸರ್ವೋ ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ. ಈಗ ಹಾರ್ನನ್ನು ಲಿಂಕ್‌ಗೆ ನೇರ ಲಂಬವಾಗಿ ಕೂರಿಸಿ. ಶಾಫ್ಟ್‌ನ ಹಲ್ಲುಗಳಿಂದಾಗಿ ಒಂದೊಂದು ಸಲ ಅದು ಚೂರು ಆಚೀಚೆ ಕೂರುತ್ತದೆ. ಆ ಉಳಿದ ವ್ಯತ್ಯಾಸವನ್ನು ಲಿಂಕ್ ಉದ್ದ ಹೆಚ್ಚು ಕಡಿಮೆ ಮಾಡಿ ಸರಿಮಾಡಿ. ಉದ್ದ ಬದಲಾಯಿಸಲಾಗದ ಲಿಂಕ್ ಆದರೆ ಮಾತ್ರ ಸ್ವಲ್ಪ ಟ್ರಿಮ್.

ಎಲ್ಲವನ್ನೂ ಟ್ರಿಮ್‌ನಿಂದಲೇ ಸರಿಮಾಡುವ ಚಾಳಿ ಬೇಡ. ಟ್ರಿಮ್ ಒಂದು ಬದಿಗೆ ತುಂಬ ಸರಿದರೆ ಸರ್ವೋ ಆ ಬದಿಗೆ ಬೇಗ ತುದಿ ಮುಟ್ಟಿ ತಳ್ಳಾಟ ಶುರು ಮಾಡುತ್ತದೆ. ಎಡಕ್ಕೆ ತಿರುಗಿದಾಗ ಸದ್ದಿಲ್ಲ, ಬಲಕ್ಕೆ ಮಾತ್ರ 'ಜೀಂ' ಅನ್ನುತ್ತದೆ ಅಂದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ.

ನಡುವಿನ ಸ್ಕ್ರೂಗೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕುವವರಿದ್ದಾರೆ. ಪ್ಲಾಸ್ಟಿಕ್ ಹಾರ್ನ್ ಹತ್ತಿರ ಅದು ಬೇಡವೇ ಬೇಡ. ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರುಕು ಬಿಡುತ್ತವೆ.

4. ಎಂಡ್ ಪಾಯಿಂಟ್ ಕಡಿಮೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಖರ್ಚಿಲ್ಲ.

ಫ್ಲೈಸ್ಕೈ ಜಿಟಿ3ಬಿ ಥರದ ಹಾಬಿ ರಿಮೋಟ್‌ಗಳಲ್ಲಿ ಇಪಿಎ ಎಂಬ ಮೆನು ಇರುತ್ತದೆ. ಎಂಡ್ ಪಾಯಿಂಟ್, ಅಂದರೆ ಸರ್ವೋ ಎಲ್ಲಿಯವರೆಗೆ ತಿರುಗಬೇಕೆಂಬ ಮಿತಿ, ಹೊಂದಿಸುವುದು ಅಲ್ಲೇ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಶೇಕಡಾ ಲೆಕ್ಕದಲ್ಲಿ ಇಡಬಹುದು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹಿಡಿದುಕೊಳ್ಳಿ. 'ಜೀಂ' ಸದ್ದು ಬರುತ್ತಿದ್ದರೆ ಸಂಖ್ಯೆಯನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಸದ್ದು ಥಟ್ಟನೆ ನಿಲ್ಲುತ್ತದೆ. ಅಲ್ಲಿಂದ ಇನ್ನೆರಡು ಅಂಕ ಇಳಿಸಿ ಬಿಡಿ. ಚಕ್ರದ ಕೋನ ಕಣ್ಣಿಗೆ ಕಾಣುವಷ್ಟು ಬದಲಾಗಿರುವುದಿಲ್ಲ, ಸರ್ವೋ ಮಾತ್ರ ಈಗ ಬಿಡುವಾಗಿದೆ. ಬಲಕ್ಕೂ ಹೀಗೇ. ಎರಡೂ ಬದಿಗೆ ಒಂದೇ ಸಂಖ್ಯೆ ಬರಬೇಕೆಂದೇನಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಮುಂದಿನ ಒಂದು ಚಕ್ರವನ್ನು ಪುಸ್ತಕದ ಮೇಲೆ ಹತ್ತಿಸಿ, ಸಸ್ಪೆನ್ಶನ್ ಪೂರ್ತಿ ಓರೆಯಾದಾಗ ಮತ್ತೆ ಕೇಳಿ. ನೆಲದ ಮೇಲೆ ಸರಿಯಿದ್ದ ಲಿಂಕ್ ಓರೆಯಾದಾಗ ಎಳೆದುಕೊಂಡು, ಟೈರ್ ಹೋಗಿ ಚಾಸಿಗೆ ತಾಗುವುದುಂಟು. ಅಲ್ಲೂ ಸದ್ದು ಬಂದರೆ ಇನ್ನಷ್ಟು ಇಳಿಸಬೇಕು.

ಇಪಿಎ ಇಲ್ಲದ ಆಟಿಕೆ ರಿಮೋಟ್‌ಗಳಲ್ಲಿ ಡಿ/ಆರ್ ಎಂದು ಬರೆದ ಒಂದು ಗುಂಡಿ ಇರಬಹುದು. ಅದು ಎರಡೂ ಬದಿಯನ್ನು ಒಟ್ಟಿಗೆ ಇಳಿಸುತ್ತದೆ. ಸಾಕು, ಇಲ್ಲದ್ದಕ್ಕಿಂತ ಮೇಲು. ಅದೂ ಇಲ್ಲವಾದರೆ ಲಿಂಕನ್ನು ಹಾರ್ನ್‌ನ ಒಳಗಿನ ತೂತಿಗೆ ಸರಿಸಿ. ಅದರಿಂದ ಇನ್ನೊಂದು ಲಾಭವೂ ಇದೆ.

5. ಹಾರ್ನ್‌ನ ಯಾವ ತೂತು?

ಸರ್ವೋ ಮೇಲೆ 1.8 ಕೆಜಿ-ಸೆಂ.ಮೀ. ಎಂದಿದ್ದರೆ, ಶಾಫ್ಟ್‌ನ ನಡುವಿನಿಂದ 1 ಸೆಂ.ಮೀ. ದೂರದಲ್ಲಿ ಅದು 1.8 ಕೆಜಿ ಬಲದಿಂದ ತಳ್ಳಬಲ್ಲದು ಎಂದರ್ಥ. ಲಿಂಕ್ 1.4 ಸೆಂ.ಮೀ. ದೂರದ ತೂತಿನಲ್ಲಿದ್ದರೆ ಸಿಗುವುದು ಸುಮಾರು 1.3 ಕೆಜಿ. ಅದನ್ನೇ 0.8 ಸೆಂ.ಮೀ. ತೂತಿಗೆ ತಂದರೆ 2.25 ಕೆಜಿ. ಅದೇ ಸರ್ವೋ, ಅದೇ ಬ್ಯಾಟರಿ. ಬಂಡೆಗೆ ಗುದ್ದಿದಾಗ ಚಕ್ರದಿಂದ ವಾಪಸ್ ಬರುವ ಪೆಟ್ಟೂ ಒಳಗಿನ ತೂತಿನಲ್ಲಿ ಗೇರ್‌ಗೆ ಕಡಿಮೆ ತಾಗುತ್ತದೆ. ಬದಲಿಗೆ ಚಕ್ರ ತಿರುಗುವ ಕೋನ ಕಡಿಮೆಯಾಗುತ್ತದೆ. ಉದ್ದ ಹಾರ್ನ್ ಹಾಕಿ ಇಪಿಎಯನ್ನು 60ಕ್ಕೆ ಇಳಿಸಿ ಓಡಿಸುತ್ತಿದ್ದರೆ ಮಾತ್ರ ಅದರಲ್ಲಿ ಏನೂ ಅರ್ಥವಿಲ್ಲ. ಒಳಗಿನ ತೂತಿಗೆ ಬಂದು ಇಪಿಎ ಏರಿಸಿಕೊಳ್ಳಿ. ಕೋನ ಅಷ್ಟೇ, ಬಲ ಜಾಸ್ತಿ.

ವೇಗವಾಗಿ ಓಡಿ ಹಾರುವ ಟ್ರಕ್ ಆದರೆ ಸರ್ವೋ ಸೇವರ್ ಇರಲೇಬೇಕು. ಹಾರ್ನ್‌ಗೂ ಲಿಂಕ್‌ಗೂ ನಡುವೆ ಒಂದು ಸ್ಪ್ರಿಂಗ್, ಪೆಟ್ಟು ಬಿದ್ದಾಗ ಬಗ್ಗಿಕೊಡುತ್ತದೆ. ನಿಧಾನಕ್ಕೆ ಬಂಡೆ ಹತ್ತುವ ಕ್ರಾಲರ್‌ಗಳಲ್ಲಿ ಅದನ್ನು ಹಾಕುವುದಿಲ್ಲ, ಬಂಡೆಯ ಸಂದಿನಲ್ಲಿ ಸ್ಪ್ರಿಂಗೇ ಬಾಗಿ ಚಕ್ರ ತಿರುಗದೆ ಉಳಿಯುತ್ತದೆ. ಕ್ರಾಲರ್‌ನಲ್ಲಿ ನನ್ನ ಆಯ್ಕೆ ಪ್ಲಾಸ್ಟಿಕ್ ಹಾರ್ನ್. ಒಳಗೆ ಲೋಹದ ಗೇರ್, ಹೊರಗೆ ಪ್ಲಾಸ್ಟಿಕ್ ಹಾರ್ನ್. ಯಾವುದಾದರೂ ಮುರಿಯಲೇಬೇಕು ಅಂದಾಗ ಮುರಿಯುವುದು ಅಗ್ಗದ ತುಂಡಾಗಿರಲಿ. ಲೋಹದ ಗೇರ್, ಲೋಹದ ಹಾರ್ನ್, ಲೋಹದ ಲಿಂಕ್ ಎಲ್ಲ ಹಾಕಿದವರಿಗೆ ಕೊನೆಗೆ ಒಡೆಯುವುದು ಸರ್ವೋ ಕಿವಿ. ಅಂದರೆ ಸ್ಕ್ರೂ ಹಾಕುವ ಆ ಎರಡು ಪ್ಲಾಸ್ಟಿಕ್ ಚಾಚು.

6. ವೋಲ್ಟೇಜ್ ಅಳೆಯಿರಿ

ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ. ರಿಸೀವರ್‌ನ ಸ್ಟೀರಿಂಗ್ ಪೋರ್ಟ್‌ನಲ್ಲಿ ಕೆಂಪು ತಂತಿಯ ಪಿನ್ನಿಗೂ, ಕಂದು ಅಥವಾ ಕಪ್ಪು ತಂತಿಯ ಪಿನ್ನಿಗೂ ನಡುವೆ ಅಳೆಯಿರಿ. ಸಾಮಾನ್ಯ ಇಎಸ್‌ಸಿಯೊಳಗಿನ (ಗಾಡಿಯ ವೇಗ ನಿಯಂತ್ರಿಸುವ ಬೋರ್ಡ್) ಬಿಇಸಿ, ಅಂದರೆ ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡುವ ಭಾಗ, 5 ಅಥವಾ 6 ವೋಲ್ಟ್ ಕೊಡುತ್ತದೆ. ಎಂಜಿ90ಎಸ್ ಥರದ ಸರ್ವೋಗಳಿಗೆ ಹೇಳಿರುವುದು 4.8ರಿಂದ 6 ವೋಲ್ಟ್. 2ಎಸ್ ಲಿಪೋ (ಎರಡು ಸೆಲ್‌ನ ಲಿಥಿಯಂ ಬ್ಯಾಟರಿ) ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ. ಅದು ನೇರ ಸರ್ವೋಗೆ ಹೋದರೆ ಕಥೆ ಅಲ್ಲಿಗೆ ಮುಗಿಯಿತು. ನೇರ 2ಎಸ್ ಕೊಡಬೇಕಾದರೆ ಎಚ್‌ವಿ (ಹೈ ವೋಲ್ಟೇಜ್) ಎಂದು ಬರೆದಿರುವ ಸರ್ವೋವೇ ಬೇಕು.

ಬಿಇಸಿಯಲ್ಲಿ 5, 6 ಎಂದು ಆಯ್ಕೆ ಇದ್ದರೆ 6ಕ್ಕೆ ಇಡಬೇಕೆಂಬ ಆಸೆ ಸಹಜ. ಬಲ ಜಾಸ್ತಿ ಬರುತ್ತದೆ, ನಿಜ. ಆದರೆ ಸಿಕ್ಕಿಕೊಂಡು ನಿಂತ ಮೋಟರ್‌ನ ಶಾಖ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.8ರಿಂದ 6ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಎಂಡ್ ಪಾಯಿಂಟ್ ಹೊಂದಿಸಿದ ಮೇಲಷ್ಟೇ 6.

ಸ್ಟೀರಿಂಗ್ ತಿರುಗಿಸಿದಾಗ ಲೈಟ್ ಮಂಕಾಗುವುದು, ಗಾಡಿ ಒಂದು ಕ್ಷಣ ಸತ್ತು ಮತ್ತೆ ಎದ್ದು ಬರುವುದು ಇದ್ದರೆ ಸರ್ವೋ ಕೇಳುವಷ್ಟು ಕರೆಂಟ್ ಬಿಇಸಿಗೆ ಕೊಡಲಾಗುತ್ತಿಲ್ಲ. ದೊಡ್ಡ ಸರ್ವೋ ಹಾಕಿದ ಮೇಲೆ ಇದು ಶುರುವಾಯಿತಾದರೆ ಸರ್ವೋಗೆ ಬೇರೆಯೇ ಬಿಇಸಿ ಕೊಡಿ. ರಿಸೀವರ್‌ಗೆ ಕೆಪ್ಯಾಸಿಟರ್ ಚುಚ್ಚುವುದು ಕ್ಷಣಿಕ ಕುಸಿತಕ್ಕೆ ಆಗುತ್ತದೆ, ಸತತ ತಳ್ಳಾಟಕ್ಕಲ್ಲ.

7. ಬಿಚ್ಚುವ ಧೈರ್ಯ ಇದ್ದರೆ

ಹಲ್ಲು ಮಾತ್ರ ಹೋಗಿದೆ, ಅದೇ ಮಾದರಿಯ ಗೇರ್ ಸೆಟ್ ಸಿಗುತ್ತದೆ ಅಂದರೆ ಬಿಚ್ಚಬಹುದು. ತಳದ ಉದ್ದ ಸ್ಕ್ರೂಗಳನ್ನು ತೆಗೆದು, ಸರ್ವೋವನ್ನು ನೇರ ನಿಲ್ಲಿಸಿ ಮೇಲಿನ ಮುಚ್ಚಳ ಮಾತ್ರ ನಿಧಾನ ಎತ್ತಿ. ಎತ್ತಿದ ಕೂಡಲೇ ಫೋಟೋ ತೆಗೆಯಿರಿ, ಯಾವ ಗೇರ್ ಯಾವುದರ ಮೇಲೆ ಅನ್ನುವುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ.

ಒಳಗೆ ನೋಡಿದರೆ ಬಹಳಷ್ಟು ಕಥೆ ತಿಳಿಯುತ್ತದೆ. ಒಂದು ಗೇರ್‌ನಲ್ಲಿ ಒಂದೇ ಕಡೆ ಎರಡು ಮೂರು ಹಲ್ಲು ಬುಡಸಮೇತ ಹಾರಿದ್ದರೆ ಅದು ಪೆಟ್ಟು. ಹಲ್ಲುಗಳೆಲ್ಲ ಮೊಂಡಾಗಿ ಗ್ರೀಸ್‌ನಲ್ಲಿ ಪುಡಿ ಬೆರೆತಿದ್ದರೆ ಅದು ಸವೆತ. ಗ್ರೀಸ್ ಜೊತೆ ಕೆಂಪು ಧೂಳು ಸೇರಿ ಕೆಸರಾಗಿದ್ದರೆ ಶಾಫ್ಟ್ ಪಕ್ಕದಿಂದ ಮಣ್ಣು ಒಳಗೆ ಬಂದಿದೆ. ಹಳೆ ಗ್ರೀಸನ್ನು ಇಯರ್ ಬಡ್‌ನಲ್ಲಿ ಪೂರ್ತಿ ಒರೆಸಿ. ಮುರಿದ ಹಲ್ಲಿನ ಚೂರು ಎಲ್ಲೂ ಉಳಿಯದಿರಲಿ, ಒಂದು ಚೂರು ಹೊಸ ಗೇರನ್ನೂ ಕೆಡಿಸುತ್ತದೆ. ಹೊಸ ಗೇರ್ ಜೋಡಿಸಿ ಸಿಲಿಕೋನ್ ಗ್ರೀಸ್ ಕಡ್ಡಿ ತುದಿಯಲ್ಲಿ ಬರುವಷ್ಟು ಸಾಕು. ಡಬ್ಲ್ಯುಡಿ-40 ಹೊಡೆಯಬೇಡಿ. ಇದ್ದ ಗ್ರೀಸನ್ನೂ ತೊಳೆದು ಪೊಟೆನ್ಶಿಯೋಮೀಟರ್‌ವರೆಗೆ ಇಳಿಯುತ್ತದೆ.

ಮುಚ್ಚುವ ಮೊದಲು ಶಾಫ್ಟ್‌ನ ಸುತ್ತ ಒಂದು ಉಂಗುರದಷ್ಟು ಗ್ರೀಸ್ ಹಚ್ಚಿ. ಧೂಳಿಗೆ ಅದೇ ಬಾಗಿಲು.

8. ಓಡಿಸುವ ರೀತಿ, ಮಳೆ, ಕೆಸರು

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವುದು ಸರ್ವೋಗೆ ಅತಿ ಕಷ್ಟದ ಕೆಲಸ. ಈ ಕ್ರಾಲರ್‌ಗಳಲ್ಲಿ ಡಿಫರೆನ್ಶಿಯಲ್ ಲಾಕ್ ಆಗಿಯೇ ಬರುವುದು ಸಾಮಾನ್ಯ (ಎರಡೂ ಬದಿಯ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ), ಟೈರ್ ಮೆತ್ತಗೆ ಅಂಟುತ್ತದೆ, ಮೇಲೆ ಹಿತ್ತಾಳೆ ತೂಕ ಬೇರೆ ಹಾಕಿರುತ್ತೇವೆ. ಟೈರ್ ಎರಡು ಕಲ್ಲಿನ ನಡುವೆ ಸಿಕ್ಕಿದ್ದರೆ ಸ್ಟೀರಿಂಗ್ ಒತ್ತಿ ಹಿಡಿದು ಕಾಯಬೇಡಿ. ಅರ್ಧ ಇಂಚು ಹಿಂದೆ ಬನ್ನಿ, ಉರುಳುತ್ತಿರುವಾಗ ತಿರುಗಿಸಿ. ಟೈರ್ ದೊಡ್ಡದು ಹಾಕಿದವರು, ನಕಲ್‌ಗೆ ಹಿತ್ತಾಳೆ ಹಾಕಿದವರು ಇದನ್ನು ಇನ್ನೂ ಗಮನಿಸಬೇಕು.

ಮಳೆಗಾಲದ ಕೆಸರಿನಲ್ಲಿ ಓಡಿಸಿ ಬಂದ ಮೇಲೆ ಗಾಡಿಯನ್ನು ನಲ್ಲಿ ಕೆಳಗೆ ಹಿಡಿಯುವವರಿದ್ದಾರೆ. ವಾಟರ್‌ಪ್ರೂಫ್ ಎಂದು ಬರೆಯದ ಸರ್ವೋಗೆ ಅದು ಆಗದು. ಒದ್ದೆ ಬಟ್ಟೆ, ಹಳೆ ಟೂತ್ ಬ್ರಷ್ ಸಾಕು. ನೀರು ಒಳಗೆ ಹೋಗಿದೆ ಎಂಬ ಅನುಮಾನ ಬಂದರೆ ಆನ್ ಮಾಡಬೇಡಿ, ತಳದ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಒಂದು ರಾತ್ರಿ ಇಡಿ.

9. ಈಗ ಹೊಸದು ಕೊಳ್ಳಿ

ಮೊದಲು ನಿಮ್ಮ ಹಳೆ ಸರ್ವೋದಿಂದ ಎಷ್ಟು ತಂತಿ ಬರುತ್ತಿದೆ ಎಣಿಸಿ. ಮೂರಿದ್ದರೆ ಮಾಮೂಲಿ ಸರ್ವೋ. ಐದಿದ್ದರೆ, ಡಬ್ಲ್ಯುಎಲ್‌ಟಾಯ್ಸ್ ಎ959ರಲ್ಲಿ ಇರುವ ಹಾಗೆ, ಸರ್ವೋ ಬೋರ್ಡ್ ಗಾಡಿಯ ರಿಸೀವರ್‌ನಲ್ಲೇ ಇದೆ. ಎರಡು ತಂತಿ ಮೋಟರ್‌ಗೆ, ಮೂರು ಪೊಟೆನ್ಶಿಯೋಮೀಟರ್‌ಗೆ. ಅದಕ್ಕೆ ಐದು ತಂತಿಯದೇ ಬೇಕು. ಇಲ್ಲವಾದರೆ ರಿಸೀವರ್, ಇಎಸ್‌ಸಿ, ರಿಮೋಟ್ ಎಲ್ಲ ಬದಲಾಯಿಸಬೇಕು.

ಸಣ್ಣ ಗಾಡಿಗೆ ಹೆಚ್ಚು ಜನ ಹಾಕುವುದು ಎಂಜಿ90ಎಸ್ ಅಥವಾ ಇಮ್ಯಾಕ್ಸ್ ಇಎಸ್08ಎಂಎ-2. ಎರಡೂ ಮೆಟಲ್ ಗೇರ್. ಎಂಜಿ90ಎಸ್ 13.4 ಗ್ರಾಂ ತೂಗುತ್ತದೆ, 4.8 ವೋಲ್ಟ್‌ನಲ್ಲಿ 1.8, 6 ವೋಲ್ಟ್‌ನಲ್ಲಿ 2.2 ಕೆಜಿ-ಸೆಂ.ಮೀ. ಎಂದು ಹೇಳಿಕೊಳ್ಳುತ್ತದೆ. ಎಸ್‌ಜಿ90ಗಿಂತ ಸ್ವಲ್ಪ ಎತ್ತರ ಇರುವುದರಿಂದ ಹಳೆ ಜಾಗದಲ್ಲಿ ಕೂರುತ್ತದೆಯಾ ಅಳೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಲೇಜು ಪ್ರಾಜೆಕ್ಟ್‌ಗೆಂದು ಇವನ್ನು ಮಾರುತ್ತಾರೆ. ಅಲ್ಲಿ ಕೊಳ್ಳುವಾಗ ಎರಡು ಮಾತು. ಇದೇ ಹೆಸರಿನಲ್ಲಿ 360 ಡಿಗ್ರಿ ಎಂಬುದೂ ಸಿಗುತ್ತದೆ. ಅದು ನಿಲ್ಲದೆ ಸುತ್ತುವ ಸರ್ವೋ, ಸ್ಟೀರಿಂಗ್‌ಗೆ ಪ್ರಯೋಜನಕ್ಕಿಲ್ಲ. 180 ಡಿಗ್ರಿಯದೇ ಕೇಳಿ. ಇನ್ನೊಂದು, ನಕಲಿಗಳು ಬಹಳ. ಕೆಲವದರಲ್ಲಿ ಮೇಲೆ ಕಾಣುವ ಗೇರ್ ಮಾತ್ರ ಲೋಹ, ಒಳಗೊಂದು ಪ್ಲಾಸ್ಟಿಕ್. ಅಂಗಡಿಯವರು ಒಪ್ಪಿದರೆ ಮುಚ್ಚಳ ಎತ್ತಿ ನೋಡಿ, ಇಲ್ಲವೇ ಮನೆಗೆ ಬಂದು ಗಾಡಿಗೆ ಹಾಕುವ ಮುಂಚೆ ನೋಡಿ.

ಟಾರ್ಕ್ ಸಂಖ್ಯೆಯ ಹಿಂದೆ ತುಂಬ ಓಡಬೇಡಿ. ಹಾಗೆಯೇ ಹಳೆ ಹಾರ್ನ್ ಹೊಸ ಸರ್ವೋಗೆ ಕೂರುತ್ತದೆ ಎಂದುಕೊಳ್ಳಬೇಡಿ. ಶಾಫ್ಟ್‌ನ ಹಲ್ಲಿನ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಬಲವಂತವಾಗಿ ಒತ್ತಿ ಕೂರಿಸಿದರೆ ಒಂದೇ ಓಟದಲ್ಲಿ ಹಾರ್ನ್ ಒಳಗೆ ಸವೆದು ಜಾರುತ್ತದೆ. ಡಬ್ಬಿಯಲ್ಲಿ ಬಂದ ಹಾರ್ನ್ ಬಳಸಿ.

ಕೂರಿಸಿದ ಮೇಲೆ ರಿಮೋಟ್‌ನ ಹಳೆ ಎಂಡ್ ಪಾಯಿಂಟ್ ಹಾಗೇ ಬಿಡಬೇಡಿ. ಹೊಸ ಸರ್ವೋದ ನಡುವೂ ಬೇರೆ, ಅದು ತಿರುಗುವ ಅಳತೆಯೂ ಬೇರೆ. ಎರಡು ಬದಿಯ ಇಪಿಎಯನ್ನೂ 50ಕ್ಕೆ ಇಳಿಸಿಟ್ಟು ಆಮೇಲೆ ಆನ್ ಮಾಡಿ, 3 ಮತ್ತು 4ನೇ ಹೆಜ್ಜೆಯನ್ನು ಮತ್ತೊಮ್ಮೆ ಮಾಡಿ, ಈ ಸಲ ಕೆಳಗಿನಿಂದ ಮೇಲಕ್ಕೆ ಏರಿಸುತ್ತಾ. ಮೊದಲ ದಿನ ಹತ್ತು ನಿಮಿಷ ಓಡಿಸಿ ಸರ್ವೋ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ 2ನೇ ಹೆಜ್ಜೆಯಲ್ಲಿ ಏನೋ ಬಿಟ್ಟುಹೋಗಿದೆ.